ಜರ್ಮನರು ಸಮುದ್ರ ದಾಟಿದ ಶನಿವಾರ

ಶನಿವಾರ ಬೆಳಿಗ್ಗೆ ಏಳಕ್ಕೆ ಹಾಲೆಂಡಿನ ರೈಸ್‌ವೈಕ್ ಸ್ಟೇಷನ್ನಿನಿಂದ ಹೊರಟೆವು, ನಾನು ಮತ್ತು ಶಶಿಯಣ್ಣ. ಶಶಿಯಣ್ಣ ಮೈಸೂರಿನವರು, ಇಲ್ಲಿ ಕಂಪ್ಯೂಟರ್ ಕೆಲಸ. ನಾನು ಗಂಗೊಳ್ಳಿಯವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಆರು ವರ್ಷ ಮೀನಿನ ಬೋಟಿಗೆ ಹೋದೆ, ಆಮೇಲೆ ಅಡುಗೆ ಕಲಿತೆ, ಈಗ ಇಲ್ಲಿನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತೇನೆ.

ರಾಟರ್‌ಡ್ಯಾಮ್‌ನಲ್ಲಿ ರೈಲು ಬದಲಾಯಿಸಿ ಮಿಡಲ್‌ಬರ್ಗ್‌ಗೆ ಹೋಗಬೇಕು. ಒಬ್ಬರಿಗೆ ಇಪ್ಪತ್ತೈದು ಯೂರೋ ಚಿಲ್ಲರೆ. ದುಬಾರಿ. ಆದರೆ ರೈಲು ಹೇಳಿದ ನಿಮಿಷಕ್ಕೆ ಬಂತು, ಸೀಟು ಸಿಕ್ಕಿತು. ಸೆಪ್ಟೆಂಬರ್, ಮೋಡ, ಮಳೆ ಇಲ್ಲ.

ಹೋಗುತ್ತಿದ್ದದ್ದು ಒಂದು ಆಟಕ್ಕೆ. ರೈಲಿನಲ್ಲಿ ಶಶಿಯಣ್ಣ ವಿವರಿಸಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಹಾಲೆಂಡ್ ಹಿಡಿದರು. ಆಮೇಲೆ ಸಮುದ್ರ ದಾಟಿ ಇಂಗ್ಲೆಂಡಿಗೆ ನುಗ್ಗಲು ಹೊರಟರು. ಸೈನ್ಯ ಸಾಗಿಸಲು ಸಾಕಷ್ಟು ಹಡಗು ಇರಲಿಲ್ಲ. ನದಿಯಲ್ಲಿ ಕಲ್ಲಿದ್ದಲು, ಮರಳು ಹೊರುವ ಚಪ್ಪಟೆ ತಳದ ದೋಣಿಗಳನ್ನು ನೂರಾರು ಕಿತ್ತುಕೊಂಡರು. ಸೈನಿಕರು ಇಳಿಯಲು ಮೂತಿ ಕತ್ತರಿಸಿ ಬಾಗಿಲು ಇಟ್ಟರು. ಕೊನೆಗೆ ಹೋಗಲೇ ಇಲ್ಲ. ಹೋಗಿದ್ದರೆ ಏನಾಗುತ್ತಿತ್ತು ಎಂದು ಸಮುದ್ರದ ದಂಡೆಯ ಒಂದು ಹಳ್ಳಿಯಲ್ಲಿ ಏಳು ಮಂದಿ ವರ್ಷಕ್ಕೊಮ್ಮೆ ಮೇಜಿನ ಮೇಲೆ ಆಡಿ ನೋಡುತ್ತಾರೆ.

"ಇದೆಂತ ಮಕ್ಕಳಾಟ ಶಶಿಯಣ್ಣ? ಆಗದಿದ್ದದ್ದನ್ನ ಆಡೂದು?"

"ಬಂದು ನೋಡೋ, ನಾಗ. ಅವರೆಲ್ಲ ಎಪ್ಪತ್ತು ದಾಟಿದೋರು. ಗಂಟೆಗೊಂದ್ಸಲ ಸಮುದ್ರದ ಕಟ್ಟೆ ಹತ್ತಕ್ಕೆ ಗಟ್ಟಿ ಕಾಲಿನೋರು ಬೇಕಂತೆ. ನಿಂಗೆ ಸಮುದ್ರ ಗೊತ್ತು ಅಂತ ಹೇಳಿಟ್ಟಿದೀನಿ."

ಮಿಡಲ್‌ಬರ್ಗ್‌ನಿಂದ ಬಸ್ಸು. ಊರಿನ ಹಿಂದೆ ಹುಲ್ಲು ಬೆಳೆದ ದೊಡ್ಡ ಗುಡ್ಡ ಇತ್ತು. ಅದು ಗುಡ್ಡವಲ್ಲ, ಸಮುದ್ರ ತಡೆಯಲು ಮನುಷ್ಯರು ಹಾಕಿದ ಕಟ್ಟೆ. ಮೇಲೆ ಹತ್ತಿ ಎರಡೂ ಕಡೆ ನೋಡಿದೆ. ಆ ಕಡೆ ನೀರು ಮೇಲೆ, ಈ ಕಡೆ ಮನೆಗಳ ಹೊಸಿಲು ಅದಕ್ಕಿಂತ ಕೆಳಗೆ. ನಮ್ಮಲ್ಲಿ ಕಡಲು ಕೊರೆಯಲು ಶುರುಮಾಡಿದರೆ ನಾಲ್ಕು ಲೋಡ್ ಕಲ್ಲು ಸುರಿದು ಸುಮ್ಮನಾಗುತ್ತಾರೆ. ಇವರಿಗೆ ಕೈ ಮುಗಿಯಬೇಕು.

ಆಟ ಕಟ್ಟೆಯ ಕೆಳಗಿನ ಹಾಲ್‌ನಲ್ಲಿ. ಮೂರು ಮೇಜು ಸೇರಿಸಿ ನೀಲಿ ಬಟ್ಟೆ ಹಾಸಿದ್ದರು. ಒಂದು ತುದಿ ಹಾಲೆಂಡ್, ಇನ್ನೊಂದು ತುದಿ ಇಂಗ್ಲೆಂಡ್. ಬೆರಳುದ್ದದ ಮರದ ದೋಣಿಗಳು, ಎರಡೆರಡನ್ನು ಅವನ್ನೆಳೆಯುವ ಒಂದು ಟಗ್ ಬೋಟಿಗೆ ದಾರದಿಂದ ಕಟ್ಟಿದ್ದರು. ಎಲ್ಲರಿಗೂ ಎಂದು ನಾನು ಇಪ್ಪತ್ತು ಬನ್ಸ್ ಕರಿದು ತಂದಿದ್ದೆ. ಅವರವರ ಬ್ರೆಡ್ಡು ಅವರವರ ಡಬ್ಬಿಯಲ್ಲಿತ್ತು. ನನ್ನ ಡಬ್ಬಿ ತೆರೆದಿಟ್ಟರೂ ಯಾರೂ ಮುಟ್ಟಲಿಲ್ಲ. ಮರಿಯಾ ಎಂಬ ನಿವೃತ್ತ ಟೀಚರ್, ಆಟದ ತೀರ್ಪುಗಾರ್ತಿ, "ಇದು ನಮಗಾ?" ಎಂದು ನೇರ ಕೇಳಿದರು. ಹೌದೆಂದೆ. ಐದು ನಿಮಿಷದಲ್ಲಿ ಖಾಲಿ. ನಾಚಿಕೆ ಇಲ್ಲ, ಉಪಚಾರವೂ ಇಲ್ಲ. ನನಗೆ ಹಿಡಿಸಿತು.

ನಿಯಮಗಳಲ್ಲಿ ಒಂದೇ ನನಗೆ ಮುಖ್ಯ. ಆಟದ ಗಾಳಿ ಇವತ್ತಿನ ಗಾಳಿ. ಗಂಟೆಗೊಮ್ಮೆ ಒಬ್ಬರು ಕಟ್ಟೆ ಹತ್ತಿ, ಅಂಗೈ ಅಗಲದ ಯಂತ್ರದಲ್ಲಿ ಗಾಳಿ ಅಳೆದು, ಪುಸ್ತಕದಲ್ಲಿ ಬರೆಯಬೇಕು. ಗಾಳಿಯ ಬಲಕ್ಕೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕ; ಆರು ಬಂದರೆ ಟಗ್ ಎಳೆಯುತ್ತಿರುವ ದೋಣಿಗಳೆಲ್ಲ ಮುಳುಗಿದವೆಂದು ಲೆಕ್ಕ. ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಹತ್ತಕ್ಕೆ ಮೂರು. ಹನ್ನೊಂದಕ್ಕೆ ನಾಲ್ಕು. ಟಗ್‌ಗಳು ಮುಂದೆ ಮುಂದೆ ಹೋದವು.

ಒಂದು ಟಗ್ ನಡೆಸುತ್ತಿದ್ದ ಮುದುಕನ ಹೆಸರು ಹೆಂಕ್. ಎಂಬತ್ತು ದಾಟಿದೆ, ಕಣ್ಣು ಮಸುಕು, ದೋಣಿಯನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದ. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಬಾಯಿಗೆ ಬರಲಿಲ್ಲ, ಅಜ್ಜ ಎಂದೇ ಕರೆದೆ. ಅವನ ಒಂದು ದೋಣಿಗೆ ಮಾತ್ರ ಕೆಂಪು ಬಣ್ಣ. ಏಕೆ ಎಂದು ಕೇಳಿದೆ. ಅವನು ಹೇಳಿದ್ದನ್ನು ಶಶಿಯಣ್ಣ ಕನ್ನಡಕ್ಕೆ ತಂದರು.

"ಅದು ನಮ್ಮಪ್ಪನ ದೋಣಿ. ಅದೇ ನಮ್ಮನೆ, ಅದ್ರಲ್ಲೇ ವಾಸ. ಜರ್ಮನ್ನರು ಕಿತ್ಕೊಂಡು, ರಾಟರ್‌ಡ್ಯಾಮ್‌ನಲ್ಲಿ ಅಪ್ಪನ ಕೈಲೇ ಮೂತಿ ಕತ್ತರಿಸಿ ಬಾಗಿಲು ಮಾಡಿಸಿದ್ರು. ಕೂಲಿ ಕೊಟ್ರು, ಅಪ್ಪ ತಗೊಂಡ. ಯುದ್ಧ ಮುಗಿದ್ಮೇಲೆ ಬಂದರಲ್ಲಿ ಯಾರೂ ಅವನನ್ನ ಮಾತಾಡಿಸ್ಲಿಲ್ಲ. ಆ ದೋಣಿ ಹೋಗಿದ್ರೆ ಯಾರನ್ನ ಕೊಲ್ತಿತ್ತು ಅಂತ ಸಾಯೋವರೆಗೂ ಕೇಳ್ತಿದ್ದ. ಅದಕ್ಕೇ ಆಡ್ತೀನಿ. ಕಣ್ಣು ಹೋಯ್ತು, ಇದೇ ಕೊನೆ ಸಲ. ಆ ಕಡೆ ಮುಟ್ಟದೆ ಮುಳುಗಿದ್ರೆ ಸಾಕು."

ಹನ್ನೆರಡಕ್ಕೆ ನಾನು ಮತ್ತೆ ಕಟ್ಟೆ ಹತ್ತಿದೆ. ಯಂತ್ರ ನಾಲ್ಕು ತೋರಿಸಿತು. ಐದು ನಿಮಿಷ ಕಾದೆ. ನಾಲ್ಕೇ. ಕೆಳಗಿಳಿದು ಪುಸ್ತಕದಲ್ಲಿ ಆರು ಎಂದು ಬರೆದೆ. ಹಿರಿಯರು ಕೊನೆಯ ಸಲ ಒಂದು ಬೇಡಿಕೊಂಡರೆ ನಮ್ಮಲ್ಲಿ ಇಲ್ಲ ಅನ್ನುವುದಿಲ್ಲ. ಅದೂ ಇದು ಆಟ, ಯಾರ ಗಂಟು ಹೋಗುತ್ತದೆ?

ಮರಿಯಾ ಆರು ಎಂದು ಓದಿದರು. ಅಜ್ಜನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವನು ಎದ್ದು ಕೋಟು ಹಾಕಿಕೊಂಡ. ಕೋಲು ಊರುತ್ತ ಕಟ್ಟೆಯ ಮೆಟ್ಟಿಲು ಹತ್ತಿದ. ಅರವತ್ತು ಮೆಟ್ಟಿಲಾದರೂ ಇರಬಹುದು. ನಾನೂ ಶಶಿಯಣ್ಣನೂ ಹಿಂದೆಯೇ ಹತ್ತಿದೆವು, ಹಿಡಿಯಲು ಹೋದರೆ ಕೈ ಕೊಡವಿದ. ಮೇಲೆ ಬಾವುಟದ ಕಂಬ ಇದೆ. ಅದರ ಪಕ್ಕ ಟೋಪಿ ತೆಗೆದು, ಹಗ್ಗ ಕಂಬಕ್ಕೆ ಬಡಿಯುವುದನ್ನು ಕೇಳುತ್ತ ನಿಂತ.

"ಫೀರ್," ಎಂದ. ಡಚ್ಚಿನಲ್ಲಿ ನಾಲ್ಕು ಎಂದರ್ಥ. ಅದು ನನಗೂ ಗೊತ್ತಿತ್ತು.

ಆಮೇಲೆ ಹೇಳಿದ್ದನ್ನು ಶಶಿಯಣ್ಣ ನನ್ನ ಮುಖ ನೋಡದೆ ಹೇಳಿದರು. "ಸುಳ್ಳೇ ಬೇಕಿದ್ರೆ ಮನೇಲೇ ಕೂತು ಹೇಳ್ಕೊಳ್ತಿದ್ದೆ, ಇಷ್ಟು ದೂರ ಯಾಕೆ ಬರ್ಲಿ ಅಂತಿದಾನೆ ಕಣೋ. ಯಾಕೋ ಹಂಗೆ ಬರ್ದೆ?"

"ಅಜ್ಜ ಪಾಪ ಅಂತ ಬರ್ದೆ."

"ಪಾಪ ಅನ್ನಿಸ್ಕೊಳ್ಳಕ್ಕೆ ಬಂದಿಲ್ಲ ಅವನು."

ನನಗೆ ತಲೆ ಎತ್ತಲಾಗಲಿಲ್ಲ. ಆದರೆ ಕಟ್ಟೆಯ ಮೇಲೆ ನಿಂತಿದ್ದೆನಲ್ಲ, ಕಣ್ಣು ತಾನಾಗಿ ಪಡುವಣಕ್ಕೆ ಹೋಯಿತು. ಅಲ್ಲಿ ಮೋಡ ಕಪ್ಪಾಗಿತ್ತು, ನೀರಿನ ಮೇಲೆ ಬಿಳಿ ನೊರೆ ಏಳುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಶಶಿಯಣ್ಣ, ಅಜ್ಜನಿಗೆ ಹೇಳಿ. ಇಂಥ ಮೋಡ ಕಂಡ್ರೆ ನಮ್ಮ ತಾಂಡೇಲ ಬೋಟ್ ತಿರುಗಿಸಿ ದಕ್ಕೆಗೆ ತರ್ತಾನೆ. ಬಲೆ ಖಾಲಿ ಇದ್ರೂ ಅಷ್ಟೇ. ಮಾಲೀಕ ಬೈತಾನೆ, ಬೈಲಿ. ಯಾರೂ ಅವನನ್ನ ಹೇಡಿ ಅನ್ನೂದಿಲ್ಲ. ಮುಟ್ಟೂದು ಇಲ್ಲ ಮುಳುಗೂದು, ಎರಡೇ ಎಂತಕ್ಕೆ? ತಿರುಗಿಸ್ಲಿಕ್ಕೆ ಆಗೂದಿಲ್ವಾ?"

ಅಜ್ಜ ಎರಡು ಸಲ ಹೇಳಿಸಿಕೊಂಡ. ತಾಂಡೇಲ ಅಂದರೆ ಏನು ಎಂದು ಕೇಳಿದ, ಬೋಟ್ ನಡೆಸುವವನು ಎಂದೆ. ಟೋಪಿ ಹಾಕಿಕೊಂಡು ಇಳಿದ.

ಹಾಲ್‌ಗೆ ಬಂದು ಮೊದಲು ನನ್ನ ಆರು ಹೊಡೆದು ಹಾಕಿಸಿದ. ನಾನೇ ನಾಲ್ಕು ಬರೆದು ಪಕ್ಕದಲ್ಲಿ ಸಹಿ ಮಾಡಬೇಕಾಯಿತು. ಯಾರೂ ಬೈಯಲಿಲ್ಲ. ತಪ್ಪು ತಿದ್ದಿದ ಮೇಲೆ ಇಲ್ಲಿ ಅದರ ಮಾತು ಮುಗಿಯುತ್ತದೆ. ಆಮೇಲೆ ಅಜ್ಜ ಕೆಂಪು ದೋಣಿ ತಡವಿ, ಅದರ ಟಗ್ಗಿನ ಮೂತಿಯನ್ನು ಹಾಲೆಂಡ್ ಕಡೆಗೆ ತಿರುಗಿಸಿದ.

ಜರ್ಮನ್ ಸೇನಾಪತಿಯಾಗಿ ಆಡುತ್ತಿದ್ದವನು ಪೀಟ್ ಎಂಬ ದಪ್ಪ ಮೀಸೆಯ ನಿವೃತ್ತ ಪ್ಲಂಬರ್. ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಹಂಗೆಲ್ಲ ವಾಪಸ್ ಹೋಗಂಗಿಲ್ಲ! ಇಪ್ಪತ್ತು ವರ್ಷದಿಂದ ಯಾರಾದ್ರೂ ಹೋಗಿದಾರಾ?"

ಮರಿಯಾ ನಿಯಮದ ಪುಸ್ತಕ ತೆಗೆದು ನಾಲ್ಕು ಪುಟವನ್ನೂ ಓದಿದರು. ಎಲ್ಲರೂ ಕಾದೆವು. "ಹೋಗಬಾರದು ಅಂತ ಎಲ್ಲೂ ಬರ್ದಿಲ್ಲ."

"ನಿನ್ನನ್ನ ದಂಡೇಲಿ ನಿಲ್ಲಿಸಿ ಗುಂಡು ಹೊಡೆಸ್ತೀನಿ, ಹೆಂಕ್."

"ಹೊಡೆಸು. ದೋಣಿ ಮನೆಗೆ ಬಂದಿರುತ್ತೆ."

ಎಲ್ಲರೂ ನಕ್ಕರು. ಪೀಟ್ ಕೂಡ ನಕ್ಕ, ಆದರೆ ಆಟ ಬಿಡಲಿಲ್ಲ. ಕಪ್ಪು ಮೋಡ ಬೇರೆ ಕಡೆ ಹೋಯಿತು. ಒಂದಕ್ಕೆ ನಾಲ್ಕು, ಎರಡಕ್ಕೆ ನಾಲ್ಕು, ಮೂರಕ್ಕೆ ಮೂರು. ಸರಿಯಾಗಿ ಓದಿ ಸರಿಯಾಗಿ ಬರೆದೆ. ಉಳಿದ ಟಗ್‌ಗಳ ದೋಣಿಗಳೆಲ್ಲ ಇಂಗ್ಲೆಂಡ್ ಮುಟ್ಟಿದವು. ನಾಲ್ಕು ಗಂಟೆಗೆ ಮೂರು ಊರು ಪೀಟ್‌ನ ಕೈಯಲ್ಲಿದ್ದವು. ಈ ಸಲ ಜರ್ಮನರೇ ಗೆದ್ದರು.

ನನ್ನ ಮಾತು ಕೇಳಿ ತಿರುಗಿಸಿದ್ದು ದಂಡವಾಯಿತೇನೋ ಎನ್ನಿಸಿ ಶಶಿಯಣ್ಣನಿಂದ ಅಜ್ಜನನ್ನು ಹಾಗೇ ಕೇಳಿಸಿದೆ.

"ಅವರು ಗೆದ್ದಿರ್ಬಹುದು," ಎಂದ. "ನಮ್ಮಪ್ಪನ ದೋಣಿ ಅಲ್ಲಿರ್ಲಿಲ್ಲ."

ಕೊನೆಗೆ ಮರಿಯಾ ಪ್ರತಿ ದೋಣಿಯ ಗತಿಯನ್ನು ದಪ್ಪ ಪುಸ್ತಕದಲ್ಲಿ ಬರೆಯುತ್ತಾರೆ. ಮುಟ್ಟಿತು ಅಥವಾ ಮುಳುಗಿತು, ಪಕ್ಕದಲ್ಲಿ ಕಾರಣ. ಕೆಂಪು ದೋಣಿಗೆ ಬಂದಾಗ ಪೆನ್ನು ನಿಂತಿತು. "ವಾಪಸ್ ಬಂತು ಅಂತ ಬರೀತೀನಿ. ಕಾರಣ ಏನಂತ ಹಾಕ್ಲಿ? ಗಾಳಿ ಅಂತ ಹಾಕಂಗಿಲ್ಲ, ಗಾಳಿ ನಾಲ್ಕೇ ಇತ್ತು."

ಅಜ್ಜ ಕೆಂಪು ದೋಣಿಯ ಮೇಲೆ ಬೆರಳಿಟ್ಟ. "ನಡೆಸೋನಿಗೆ ಹೋಗಕ್ಕೆ ಇಷ್ಟ ಇರ್ಲಿಲ್ಲ ಅಂತ ಹಾಕು."

ಮರಿಯಾ ಹಾಗೇ ಬರೆದರು. ಪೀಟ್ ಎದ್ದು ಬಂದು, ತಾನು ಗುಂಡು ಹೊಡೆಸಬೇಕಿದ್ದ ಮುದುಕನಿಗೆ ಕೋಟು ಹಾಕಿಸಿದ. ಅಜ್ಜ ಹೋಗುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ತಾಂಡೇಲ" ಎಂದ. ಡ ಸರಿಯಾಗಿಯೇ ಬಂತು.

ಐದೂಕಾಲಿನ ಬಸ್ಸು, ಆಮೇಲೆ ರೈಲು. ಶಶಿಯಣ್ಣ ನಿದ್ದೆ ಹೋದರು. ರಾಟರ್‌ಡ್ಯಾಮ್‌ಗೆ ಮೊದಲು ಒಂದು ಉದ್ದ ಸೇತುವೆ ಸಿಗುತ್ತದೆ, ಕೆಳಗೆ ಸಮುದ್ರದಷ್ಟು ಅಗಲದ ನದಿ. ಬೆಳಕು ಇನ್ನೂ ಇತ್ತು. ಚಪ್ಪಟೆ ದೋಣಿಯೊಂದು ಮರಳು ಹೊತ್ತು ರಾಟರ್‌ಡ್ಯಾಮ್ ಕಡೆ ಹೋಗುತ್ತಿತ್ತು. ಹಿಂದುಗಡೆ ಮನೆ, ಮನೆಯ ಕಿಟಕಿಗೆ ಪರದೆ, ಹಗ್ಗದಲ್ಲಿ ಒಣಹಾಕಿದ ಬಟ್ಟೆ. ಕಿಟಕಿಗೆ ಹಣೆ ಒತ್ತಿ, ಸೇತುವೆ ಮುಗಿಯುವವರೆಗೂ ಅದರ ಮೂತಿಯನ್ನೇ ನೋಡಿದೆ. ಬಾಗಿಲು ಇರಲಿಲ್ಲ, ಇಡಿಯಾಗಿತ್ತು.