ಕನ್ನಡದಲ್ಲಿ ಕೇಳು

ಮಟ್ಟಾಂಚೇರಿಯ ಒಂದು ಕರಿಮೆಣಸಿನ ಗೋದಾಮಿನಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಓದಿದ್ದು ಹೈಸ್ಕೂಲು. ಮಂಗಳೂರಿನಲ್ಲಿ ನನ್ನದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ ಮುಂದಕ್ಕೂ ಓದಿ, ತಿರುವನಂತಪುರದ ಹತ್ತಿರ ತುಂಬದಲ್ಲಿ ರಾಕೆಟ್ ಕೇಂದ್ರದ ನೌಕರಿ ಹಿಡಿದಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳವು. ಒಂದು ಓಣಂ ರಜೆಯಲ್ಲಿ ಅವನ ಸಂಸಾರ ನಮ್ಮಲ್ಲಿಗೆ ಬಂದಿತ್ತು. ಅವನ ಮಗಳು ನಮ್ಮ ಚಾವಡಿಯ ನಡುವೆ ನಿಂತು ಕನ್ನಡ ಪದ್ಯವೊಂದನ್ನು ತಡವರಿಸದೆ ಹೇಳಿದಳು. ಅವಳದೇ ವಯಸ್ಸಿನ ನನ್ನ ಮಗಳಿಗೆ "ನೀನೂ ಒಂದು ಹೇಳು" ಎಂದರೆ, "ಎನಿಕ್ಕು ಅರಿಯಿಲ್ಲ" ಎಂದು, ಗೊತ್ತಿಲ್ಲವೆಂಬುದನ್ನೂ ಮಲಯಾಳದಲ್ಲೇ ಹೇಳಿ ತಾಯಿಯ ಹಿಂದೆ ಸರಿದಳು. ನಾನು ಎಲ್ಲರೊಡನೆ ನಕ್ಕೆ. ಆದರೆ ಅದನ್ನು ಮರೆಯಲಿಲ್ಲ.

ಮುಂದಿನ ಬೇಸಗೆಯಲ್ಲಿ ಗೆಳೆಯ ನಮ್ಮನ್ನು ತುಂಬಕ್ಕೆ ಕರೆದ. ಗೋದಾಮಿನ ಯಜಮಾನರ ಅಂಬಾಸಿಡರ್ ಕಾರು ಕೇಳಿ ತಂದೆ. ಹೊರಡುವಾಗಲೇ ಮಗಳಿಗೆ ಕಾನೂನು ಹೇಳಿದೆ: ದಾರಿಯಲ್ಲಿ ಏನು ಬೇಕಿದ್ದರೂ ಕನ್ನಡದಲ್ಲಿ ಕೇಳಬೇಕು, ಮಲಯಾಳದಲ್ಲಿ ಕೇಳಿದರೆ ಸಿಗುವುದಿಲ್ಲ.

ಚೇರ್ತಲ ದಾಟುವಾಗ ಅವಳು ಕೇಳಿದಳು. "ನನಗೆ ನೀರು ಬೇಕು." ಕನ್ನಡವೇ. ಕೊನೆಯಲ್ಲಿ ಮಲಯಾಳದ ರಾಗ ಸ್ವಲ್ಪ ಎಳೆದಿತ್ತು, ಅಷ್ಟೆ. ನಾನು ಅದೇ ರಾಗದಲ್ಲಿ "ಬೇ...ಕೂ" ಎಂದು ಅಣಕಿಸಿದೆ. ಆಲಪ್ಪುಳದವರೆಗೂ, ಎದುರಿಗೆ ಲಾರಿ ಬಂದರೆ "ದಾರಿ ಬೇ...ಕೂ", ರೈಲ್ವೆ ಗೇಟು ಹಾಕಿದ್ದರೆ "ಗೇಟು ತೆಗೀಬೇ...ಕೂ". ಅವಳು ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮತ್ತೆ ಕನ್ನಡದಲ್ಲಿ ಬಾಯಿ ತೆರೆಯಲಿಲ್ಲ.

ಅಂಬಲಪ್ಪುಳದ ನಂತರ ಹಿಂದಿನಿಂದ ಸಣ್ಣ ದನಿ ಬಂತು. "ಅಚ್ಛಾ, ಮೂತ್ರಂ ಒಳಿಕ್ಕಣಂ." ಮಲಯಾಳದ ಮಕ್ಕಳು ಅಪ್ಪನನ್ನು ಕರೆಯುವಂತೆ ಅವಳು ನನ್ನನ್ನು ಅಚ್ಛಾ ಎಂದೇ ಕರೆಯುತ್ತಿದ್ದಳು.

"ಕನ್ನಡದಲ್ಲಿ ಕೇಳು. ನಿಲ್ಲಿಸ್ತೇನೆ."

ಅವಳು ಬಾಟಲಿಯನ್ನು ಅವುಚಿಕೊಂಡು ಕಿಟಕಿಯ ಕಡೆ ತಿರುಗಿದಳು.

"ನಿಲ್ಲಿಸಿ ಮಾರಾಯ್ರೇ, ಮಗು ಅದು," ಎಂದಳು ಹೆಂಡತಿ.

"ನೀನು ಮುದ್ದು ಮಾಡಿಯೇ ಹೀಗಾದದ್ದು. ನಾಲಿಗೆ ಉಂಟಲ್ಲ ಅವಳಿಗೆ?"

ಹರಿಪ್ಪಾಡಿನಲ್ಲಿ ನನಗೆ ಚಹಾ ಬೇಕೆನಿಸಿತು. ಕಾರು ನಿಲ್ಲಿಸಿದೆ. ಹೆಂಡತಿ ಬಾಗಿಲಿಗೆ ಕೈ ಹಾಕಿದಾಗ, "ಅವಳು ಕೇಳದೆ ಇಳಿದರೆ ಇಬ್ಬರೂ ಬಸ್ಸಿನಲ್ಲಿ ಬನ್ನಿ" ಎಂದೆ. ಬಾನೆಟ್ಟಿಗೆ ಒರಗಿ, ಮಗಳ ಮುಖ ಕಾಣುವಂತೆ ನಿಂತು, ಚಹಾವನ್ನು ಊದಿ ಊದಿ ಕುಡಿದೆ. ಅವಳು ಕಾಲು ಹೆಣೆದುಕೊಂಡು, ತುಟಿ ಕಚ್ಚಿ ಕೂತಿದ್ದಳು. ಕಲಿಸಲಿಕ್ಕೆಂದು ಹೀಗೆ ಮಾಡಿದೆ ಎಂದು ಬಹಳ ವರ್ಷ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವಳು ಸೋಲುವುದನ್ನು ನಾನು ನೋಡಬೇಕಿತ್ತು. ಆ ಚಹಾ ರುಚಿಯಾಗಿತ್ತು.

ಕೊಲ್ಲಂ ಪೇಟೆಯ ಸಂದಣಿಯಲ್ಲಿ ಅವಳು ಸೋತಳು. ಅಳಲಿಲ್ಲ. ವಾಸನೆಯಿಂದ ನನಗೆ ತಿಳಿಯಿತು. "ಯಜಮಾನರ ಸೀಟು" ಎಂದು ಬೈದೆ. ದಾರಿಯಲ್ಲಿ ಬಟ್ಟೆ ಬದಲಿಸಲಿಕ್ಕೂ ಬಿಡಲಿಲ್ಲ.

ತುಂಬದಲ್ಲಿ ಗೆಳೆಯ ಬಾಗಿಲು ತೆಗೆದಾಗ ಮಗಳನ್ನು ಮುಂದಕ್ಕೆ ತಳ್ಳಿ, "ನೋಡು, ಒಂದು ಮಾತು ಕನ್ನಡ ಬಾರದ್ದಕ್ಕೆ ಈ ಅವಸ್ಥೆ" ಎಂದು ಎಲ್ಲವನ್ನೂ ತಮಾಷೆಯಂತೆ ಹೇಳಿದೆ. ಯಾರೂ ನಗಲಿಲ್ಲ. ಅವನ ಮಗಳು ಬಂದು ನನ್ನ ಮಗಳ ಕೈ ಹಿಡಿದು, ಬಚ್ಚಲಿನವರೆಗೂ ಮೆಲ್ಲಗೆ ಮಾತಾಡಿಸುತ್ತ ಹೋದಳು. ಮಾತೆಲ್ಲ ಮಲಯಾಳ.

"ಅವತ್ತು ಪದ್ಯ ಹೇಳಿದ್ದಳಲ್ಲ?" ಎಂದೆ ಗೆಳೆಯನಿಗೆ.

"ಅದಾ? ಬಾಯಿಪಾಠ ಮಾರಾಯ. ನಿಮ್ಮೆದುರು ಮರ್ಯಾದೆ ಹೋಗ್ಬಾರದು ಅಂತ ಕೂರಿಸಿ ಕಲಿಸಿದ್ದು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳುದು, ಅವಳು ಮಲಯಾಳದಲ್ಲಿ ಹೇಳುದು. ಎಂತ ಆಯ್ತು ಅದರಲ್ಲಿ?"

ಮರುದಿನ ವಾಪಸು ಬರುವಾಗ, ಆಟ್ಟಿಂಗಲ್ ದಾಟಿದ ಮೇಲೆ, ಹಿಂದಿನಿಂದ ದನಿ ಬಂತು. "ಅಪ್ಪ, ದಯವಿಟ್ಟು ಕಾರು ನಿಲ್ಲಿಸಿ." ರಾಗವಿಲ್ಲ, ತಪ್ಪಿಲ್ಲ. ಗೆಳೆಯನ ಹೆಂಡತಿಯನ್ನು ಕೇಳಿ ಕಲಿತಿದ್ದಳಂತೆ. "ಶಹಬ್ಬಾಸ್" ಎಂದು ಕಾರು ನಿಲ್ಲಿಸಿದೆ. ಗೆದ್ದೆನೆಂದುಕೊಂಡೆ.

ಅಂದಿನಿಂದ ಅವಳು ನನ್ನನ್ನು "ಅಚ್ಛಾ" ಎಂದು ಕರೆದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಪಾಲಾರಿವಟ್ಟಂನಲ್ಲಿರುವ ಅವಳ ಮನೆಯಲ್ಲೇ ನಾನಿದ್ದೇನೆ. ಒಳಗೆ ಗಂಡನೊಡನೆ, ಮಗನೊಡನೆ ಮಲಯಾಳದಲ್ಲಿ ಜಗಳವಾಡುತ್ತಾಳೆ, ಹೊಟ್ಟೆ ಹಿಡಿದು ನಗುತ್ತಾಳೆ. ನನ್ನ ಕೋಲಿನ ಸದ್ದು ಕೇಳಿದರೆ ನಗು ನಿಲ್ಲುತ್ತದೆ. "ಅಪ್ಪ, ನಿಮಗೆ ಏನು ಬೇಕು?" ಪಾಠಪುಸ್ತಕದ ಕನ್ನಡ. ಏನೂ ಕಡಿಮೆ ಮಾಡಿಲ್ಲ, ಕೇಳಿದ್ದೆಲ್ಲ ಸಿಗುತ್ತದೆ.

ಮೊನ್ನೆ ಅವಳು ಮಾತ್ರೆ ತಂದಾಗ ಧೈರ್ಯ ಮಾಡಿದೆ. ಅಂದು ಕಾರಿನಲ್ಲಿ ಮಾಡಿದ್ದರ ಬಗ್ಗೆ ಅವಳು ನಗುವ ಭಾಷೆಯಲ್ಲೇ ಹೇಳೋಣವೆಂದು, "ಮೋಳೇ, ಅನ್ನು ಕಾರಿಲ್..." ಎಂದು ಮಲಯಾಳದಲ್ಲಿ ತೊಡಗಿದೆ.

"ಕನ್ನಡದಲ್ಲಿ ಹೇಳಿ, ಅಪ್ಪ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಮಾತು ಕನ್ನಡದಲ್ಲಿ ನನ್ನ ಬಾಯಿಗೆ ಬರಲಿಲ್ಲ. ಅವಳು ನೀರಿನ ಲೋಟವನ್ನು ನನ್ನ ಕೈಗೆಟಕುವ ಹಾಗೆ ಸರಿಸಿಟ್ಟು ಹೋದಳು.