ಘಟ್ಟದಲ್ಲಿ ಹೇಳಿದ ಸಮುದ್ರ

ಕಳೆದ ವಾರ ಸಂತೆಯಿಂದ ಬರುವಾಗ ಆ ವಾಸನೆ ಮೂಗಿಗೆ ಬಡಿಯಿತು. ಯಲ್ಲಾಪುರದ ನಮ್ಮ ಬೀದಿಯ ತಿರುವಿನಲ್ಲಿ ಹೊಸದಾಗಿ ಒಂದು ಟ್ರಾವೆಲ್ಸ್ ಆಫೀಸು ಆಗಿದೆ. ಅದರ ಕಂಪೌಂಡಿನ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳನ್ನು ಸಾಲಾಗಿ ಒಣಹಾಕಿದ್ದರು. ಒಣಹಾಕಿದ್ದರು ಅಂದರೆ ತೊಳೆದಿದ್ದರು ಎಂದು ಅರ್ಥವಲ್ಲ. ಅರ್ಧ ಒದ್ದೆಯಾದ ಸ್ಪಂಜು, ಉಪ್ಪುನೀರು, ಡೀಸೆಲ್, ಯಾರ ಯಾರದೋ ಬೆವರು, ಅದರ ಮೇಲೆ ಯಾರೋ ಕಾರಿಕೊಂಡು ಒರೆಸಿದ ಹುಳಿ... ಎಲ್ಲ ಸೇರಿದ ವಾಸನೆ. ಪಕ್ಕದಲ್ಲಿ ಬೋರ್ಡು: ಮಾರ್ಗದರ್ಶಕರೊಂದಿಗೆ ಕಡಲ ಪರಿಸರ ಪ್ರವಾಸ, ನಿಸರ್ಗದ ಮಡಿಲಲ್ಲಿ ಒಂದು ದಿನ, ಡಾಲ್ಫಿನ್ ದರ್ಶನ ಖಾತ್ರಿ. ದರ್ಶನವಂತೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿದೆ. ಮನೆಗೆ ಬಂದದ್ದೇ ಲಿಂಬೆಹಣ್ಣು ಹೆಚ್ಚಿ ಮೂಸಿದೆ. ಲಿಂಬೆ ಮೂಸುವುದನ್ನು ನನಗೆ ಕಲಿಸಿದವರು ಟೆಂಪೋ ಚಾಚಾ.

ನಮ್ಮ ಬೀದಿಯ ಕೊನೆಯ ಮನೆ ಅವರದು. ಅವರ ಅಪ್ಪ ಲಾರಿ ಓಡಿಸಿದವರು, ಇವರು ಟೆಂಪೋ ಟ್ರಾವೆಲರ್. ಬೀದಿಯ ಅಷ್ಟೂ ಜನ, ಮಡಿಯ ನಮ್ಮ ಅತ್ತೆಯವರೂ ಸೇರಿ, ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳಾದ್ದರಿಂದ ಅವರಿಗೆ ನಾನು ಅಕ್ಕೋರು. ಗಾಡಿಯನ್ನು ಅವರು ಇಟ್ಟುಕೊಂಡಷ್ಟು ಚೊಕ್ಕಟವಾಗಿ ನಮ್ಮಲ್ಲಿ ಎಷ್ಟೋ ಜನ ಅಡುಗೆಮನೆಯನ್ನೂ ಇಟ್ಟುಕೊಳ್ಳುವುದಿಲ್ಲ. ಸೀಟಿನ ಕೆಳಗೆ ಶೇಂಗಾ ಸಿಪ್ಪೆ ಕಂಡರೆ ಗಾಡಿ ನಿಲ್ಲಿಸಿ, ಪೊರಕೆಯನ್ನು ತಂದು ಬಿಸಾಡಿದವರ ಕೈಗೇ ಕೊಡುತ್ತಿದ್ದರು. ಬೈಯುತ್ತಿರಲಿಲ್ಲ. ಗುಡಿಸಿ ಮುಗಿಯುವವರೆಗೆ ಹೊರಗೆ ನಿಂತಿರುತ್ತಿದ್ದರು ಅಷ್ಟೆ.

ಶಾಲೆಯವರು, ಬ್ಯಾಂಕಿನವರು, ಮದುವೆ ಮುಗಿಸಿದ ಬಂಧುಬಳಗ, ಎಲ್ಲರೂ ಸಮುದ್ರ ನೋಡಲು ಅವರ ಗಾಡಿಯನ್ನೇ ಹೇಳುತ್ತಿದ್ದರು. ಅರಬೈಲ್ ಘಟ್ಟ ಇಳಿಯುವಾಗ ನಮ್ಮ ಜನಕ್ಕೆ ಹೊಟ್ಟೆಯಲ್ಲಿದ್ದದ್ದು ನಿಲ್ಲುವುದಿಲ್ಲ. ಅದಕ್ಕೆ ಚಾಚಾ ಎರಡು ಉಪಾಯ ಮಾಡಿಕೊಂಡಿದ್ದರು. ಒಂದು, ಅರ್ಧ ಹೆಚ್ಚಿದ ಲಿಂಬೆ. ಇನ್ನೊಂದು, ಅವರ ಮಾತು. ಮೊದಲ ದೊಡ್ಡ ತಿರುವು ಬಂದ ಕೂಡಲೆ ಶುರು ಮಾಡುತ್ತಿದ್ದರು, ಇವತ್ತು ಬೋಟಿನಲ್ಲಿ ನಿಮಗೆ ಏನೇನು ಕಾಣುತ್ತದೆ ಎಂದು.

"ದಂಡೆ ಸಣ್ಣದಾಗೋ ತನಕ ಏನೂ ಕಾಣಂಗಿಲ್ರಿ. ಅವಸರ ಮಾಡಬ್ಯಾಡ್ರಿ. ಆಮೇಲೆ ಬೋಟಿನವ ಎಂಜಿನ್ ಬಂದ್ ಮಾಡ್ತಾನ. ಆಗ ಕಣ್ಣಲ್ಲ, ಕಿವಿ ಇಟ್ಕೊಂಡು ಕೂಡ್ರಿ. ಡಾಲ್ಫಿನ್ ಕಾಣೋಕಿಂತ ಮೊದಲು ಅದರ ಉಸಿರು ಕೇಳ್ತದ..."

ಉಸಿರಾದ ಮೇಲೆ ಬೆನ್ನು. ಬೆನ್ನಿನ ಪಕ್ಕದಲ್ಲಿ ಬೂದು ಬಣ್ಣದ ಪುಟ್ಟ ಬೆನ್ನು, ಅದು ಮರಿ. ತಾಯಿಯ ಮಗ್ಗುಲು ಬಿಟ್ಟು ಅದು ಆಚೀಚೆ ಹೋಗುವುದಿಲ್ಲ. ನಾವು ಕೂಗದಿದ್ದರೆ ಅವೇ ಹತ್ತಿರ ಬಂದು ನಮ್ಮನ್ನು ನೋಡಿಕೊಂಡು ಹೋಗುತ್ತವೆ. ಇದನ್ನು ಅವರು ಸ್ಟಿಯರಿಂಗ್ ತಿರುಗಿಸುತ್ತ, ಎದುರಿನ ಲಾರಿಗೆ ಹಾರನ್ ಹೊಡೆಯುತ್ತ, ಮಧ್ಯೆ ಮಧ್ಯೆ ಮಾತು ನಿಲ್ಲಿಸುತ್ತ ಹೇಳುತ್ತಿದ್ದರು. ಕಾರಲು ಕವರು ಹಿಡಿದು ಕೂತವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಘಟ್ಟ ಮುಗಿದದ್ದೇ ತಿಳಿಯುತ್ತಿರಲಿಲ್ಲ.

ಎಷ್ಟೋ ಸಲ ನೋಡಿದವರು ಎಂದೇ ನಾನು ತಿಳಿದಿದ್ದೆ. ಒಮ್ಮೆ ಶಾಲೆಯವರ ಜೊತೆ ಹೋದಾಗ ನನಗೆ ಹೊಟ್ಟೆ ಸರಿ ಇರಲಿಲ್ಲ, ದಂಡೆಯಲ್ಲೇ ಉಳಿದೆ. ಚಾಚಾ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನೀವು ಯಾಕೆ ಹೋಗಲಿಲ್ಲ ಎಂದು ಸುಮ್ಮನೆ ಕೇಳಿದೆ. ಅವರು ನಕ್ಕರು. ಡ್ರೈವರಿಗೆ ದಂಡೆಯ ಹೋಟೆಲಿನಲ್ಲಿ ಊಟ ಪುಕ್ಕಟೆ, ಬೋಟೂ ಪುಕ್ಕಟೆ, ಆದರೆ ಗಾಡಿಯಲ್ಲಿ ಜನರ ಬ್ಯಾಗು, ಬಂಗಾರ, ಎಲ್ಲ ಇರುತ್ತದೆ, ಬಿಟ್ಟು ಹೋಗುವ ಹಾಗಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಬೋಟು ಹತ್ತಿಲ್ಲವಂತೆ. ಹಾಗಾದರೆ ಆ ಉಸಿರು, ಆ ಮರಿ? ಅದೆಲ್ಲ ಹಿಂದಿರುಗಿ ಬಂದವರನ್ನು ಕೇಳಿ ಕೇಳಿ ಕೂಡಿಸಿಕೊಂಡದ್ದು. ಒಬ್ಬ ಮುದುಕಿ ಉಸಿರಿನ ವಿಷಯ ಹೇಳಿದ್ದಳು, ಯಾವುದೋ ಕಾಲೇಜಿನ ಹುಡುಗಿ ಮರಿಯ ಬಣ್ಣ ಹೇಳಿದ್ದಳು.

"ಒಂದ್ಸಲ ನೋಡಬೇಕ್ರಿ ಅಕ್ಕೋರೆ. ಒಂದೇ ಸಲ ಸಾಕು. ಇಷ್ಟು ಮಂದಿಗೆ ಖರೇ ಹೇಳಿದೀನೋ ಸುಳ್ಳು ಹೇಳಿದೀನೋ, ನಂಗ ಗೊತ್ತಾಗಬೇಕಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಬೇಸಿಗೆ ರಜೆಗೆ ಮೊದಲು ನನ್ನ ಗಂಡನ ಮನೆಯವರೆಲ್ಲ ಸೇರಿ ಕಾರವಾರದ ಕಡೆ ಒಂದು ಟ್ರಿಪ್ ಎಂದು ನಿಶ್ಚಯವಾಯಿತು. ಶಿರಸಿಯವರು, ಸಿದ್ದಾಪುರದವರು, ಕಾನಸೂರಿನ ಭಾವನ ಸಂಸಾರ, ಎಲ್ಲ ಯಲ್ಲಾಪುರಕ್ಕೆ ಬಂದು ಕೂಡಿದರು. ಬೋಟು ಗೊತ್ತು ಮಾಡಿದ್ದು ಭಾವ. ನನ್ನ ಗಂಡನಿಗೆ ನೀರು ಕಂಡರೆ ಆಗುವುದಿಲ್ಲ. ಗಾಡಿ ತಾನು ಕಾಯುತ್ತೇನೆ, ತನ್ನ ಜಾಗದಲ್ಲಿ ಚಾಚಾ ಹೋಗಲಿ ಎಂದು ಅವರು ತಾವಾಗಿಯೇ ಹೇಳಿದರು. ನಾನು ಓಡಿಹೋಗಿ ಚಾಚಾಗೆ ತಿಳಿಸಿದೆ. ಹೊರಡುವ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಅತ್ತರು ಹಚ್ಚಿಕೊಂಡು ಬಂದಿದ್ದರು. ಘಟ್ಟದಲ್ಲಿ ಎಂದಿನಂತೆ ಹೇಳಿದರು, ಆದರೆ ನಿಧಾನವಾಗಿ, ಪರೀಕ್ಷೆಗೆ ಮೊದಲು ಕೊನೆಯ ಸಲ ಪಾಠ ಓದಿಕೊಳ್ಳುವ ಮಕ್ಕಳ ಹಾಗೆ.

ಇನ್ನು ಮುಂದಿನದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬೋಟು ನಿಲ್ಲುವ ಜಾಗದ ಪಕ್ಕ ಹೆಂಗಸರು ಮೀನು ಒಣಹಾಕಿದ್ದರು. ನಮ್ಮವರೆಲ್ಲ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. "ಥೋ, ಎಂತಾ ನಾತ, ಉಸಿರಾಡಲಾಗ್ತಿಲ್ಲೆ" ಎಂದು ಭಾವ ಆ ಹೆಂಗಸರಿಗೆ ಕೇಳುವ ಹಾಗೆಯೇ ಹೇಳಿದರು. ಅದೇ ಜನ ಬೋಟು ಹತ್ತಿ ಕಾಲು ಗಂಟೆ ಆಗಿರಲಿಲ್ಲ, ಮಗುವಿನ ಹೇಸಿಗೆ ಡೈಪರನ್ನು ಸುತ್ತಿ ಸಮುದ್ರಕ್ಕೆ ಎಸೆದರು. ಅದು ಮುಳುಗಲೂ ಇಲ್ಲ, ಹೊಟ್ಟೆ ಉಬ್ಬಿಸಿಕೊಂಡು ನಮ್ಮ ಹಿಂದೆಯೇ ತೇಲುತ್ತ ಬಂತು. ಇನ್ನೊಬ್ಬರು ಬೆಳಗಿನ ಇಡ್ಲಿ ಸಾಂಬಾರನ್ನು ಬೋಟಿನ ಅಂಚಿಗೇ ಕಾರಿ, ಜಾಕೆಟ್ಟಿನಿಂದ ಬಾಯಿ ಒರೆಸಿಕೊಂಡರು. ಚಿಪ್ಸಿನ ಖಾಲಿ ಪ್ಯಾಕೆಟ್‌ಗಳ ಲೆಕ್ಕ ಇಟ್ಟವರಿಲ್ಲ. ಚಾಚಾ ಕಾಲ ಬಳಿ ಬಿದ್ದವನ್ನು ಆರಿಸಿ ಮಡಚಿ ತಮ್ಮ ಅಂಗಿಯ ಜೇಬಿಗೆ ತುರುಕಿಕೊಳ್ಳುತ್ತಿದ್ದರು. ಬಿಳಿ ಅಂಗಿಯ ಮೇಲೆ ಎಣ್ಣೆಯ ಕಲೆ ಮೂಡಿತ್ತು.

ಗೈಡ್ ಎಂದು ಒಬ್ಬ ಇದ್ದ. ಟೀ ಶರ್ಟಿನ ಮೇಲೆ ಪ್ರಕೃತಿ ಉಳಿಸಿ ಎಂದು ಬರೆದಿತ್ತು, ಕೈಯಲ್ಲಿ ಮೈಕು, ಕಾಲ ಬುಡದಲ್ಲಿ ಡಬಡಬ ಹಾಡುವ ಸ್ಪೀಕರು. ಒಂದು ಬಕೆಟ್ಟಿನಲ್ಲಿ ನಕ್ಷತ್ರ ಮೀನು ಇಟ್ಟುಕೊಂಡಿದ್ದ. ಅದನ್ನು ಕೈಯಿಂದ ಕೈಗೆ ದಾಟಿಸಿದ, ಎಲ್ಲರೂ ಅಂಗೈ ಮೇಲಿಟ್ಟುಕೊಂಡು ಫೋಟೋ ಹೊಡೆಸಿಕೊಂಡರು. ಹಣೆಗೆ ಒತ್ತಿಕೊಂಡವರೂ ಇದ್ದರು. ನನ್ನ ಓರಗಿತ್ತಿಯ ಕೈಗೆ ಬರುವಷ್ಟರಲ್ಲಿ ಅದರ ಒಂದು ತೋಳು ಕಿತ್ತು ಜೋತಾಡುತ್ತಿತ್ತು. "ಏನಾಗೂದಿಲ್ಲ ಮೇಡಂ, ಮತ್ತೆ ಬರ್ತದೆ" ಎಂದ ಗೈಡ್. ಎಲ್ಲರೂ ನಕ್ಕರು.

ಚಾಚಾ ಮಾತ್ರ ಆ ನಗುವಿನ ಕಡೆ ತಲೆ ತಿರುಗಿಸಲಿಲ್ಲ. ಬೋಟಿನ ಮೂತಿಯ ಹತ್ತಿರ ನೀರಿಗೆ ಮುಖ ಮಾಡಿ ಕೂತಿದ್ದರು. ದಂಡೆ ಸಣ್ಣದಾಗುತ್ತಿದೆಯೇ ಎಂದು ಆಗಾಗ ಹಿಂದಿರುಗಿ ನೋಡುತ್ತಿದ್ದರು. ಅವರು ಹೇಳಿದ ಪ್ರಕಾರವೇ ದಂಡೆ ಸಣ್ಣದಾಯಿತು. ಅವರು ನನ್ನ ಕಡೆ ನೋಡಿ ತಲೆ ಆಡಿಸಿದರು. ಒಂದು ಖರೇ ಆಯಿತು ಎನ್ನುವ ಹಾಗೆ...

ಎಂಜಿನ್ ಮಾತ್ರ ಬಂದ್ ಆಗಲಿಲ್ಲ. ದೂರದಲ್ಲಿ ಏನೋ ಕಂಡಿತೆಂದು ಇನ್ನೊಂದು ಬೋಟಿನಿಂದ ಗೈಡಿಗೆ ಫೋನು ಬಂತು. ನಮ್ಮ ಬೋಟು ಹೊಗೆ ಕಾರುತ್ತ ಅತ್ತ ನುಗ್ಗಿತು. ಬೇರೆ ದಿಕ್ಕುಗಳಿಂದಲೂ ಬೋಟುಗಳು ನುಗ್ಗಿ ಬಂದವು. ಎಲ್ಲ ಸೇರಿ ನೀರನ್ನು ಸುತ್ತುಗಟ್ಟಿದವು. ಒಂದು ಬೆನ್ನು ಎದ್ದಿತು, ಪಕ್ಕದಲ್ಲಿ ಪುಟ್ಟ ಬೂದು ಬೆನ್ನು. ಬೋಟಿನ ಅಷ್ಟೂ ಜನ ಕಿರುಚುತ್ತ ಒಂದೇ ಮಗ್ಗುಲಿಗೆ ಬಿದ್ದರು. "ಹತ್ರ ತಗೊಳ್ಳೋ ತಮ್ಮಾ, ದುಡ್ಡು ಕೊಟ್ಟಿದ್ದು ನೀರು ನೋಡ್ಲಿಕ್ಕಲ್ಲ" ಎಂದರು ಭಾವ. ತಾಯಿ ಮುಳುಗಿತು. ಮರಿ ಎರಡು ಬೋಟುಗಳ ನಡುವೆ ಒಂಟಿಯಾಗಿ ಎದ್ದು, ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲಲ್ಲೇ ಸುತ್ತತೊಡಗಿತು.

ಚಾಚಾ ಎದ್ದು ನಿಂತರು. "ಎಂಜಿನ್ ಬಂದ್ ಮಾಡ್ರಿ" ಎಂದರು. ಸ್ಪೀಕರಿನ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಗೈಡಿನ ಭುಜ ಮುಟ್ಟಿ ಮತ್ತೆ ಹೇಳಿದರು. "ಅದರ ತಾಯಿ ಆ ಕಡೆ ಹೋಗೇದ. ಸ್ವಲ್ಪ ದಾರಿ ಬಿಡ್ರಿ."

"ನೀವು ಡ್ರೈವರ್ ಅಲ್ವಾ? ಕೂತ್ಕೊಳ್ಳಿ ಮಾರಾಯ್ರೆ. ಗೆಸ್ಟಿಗೆ ತೋರ್ಸೂದು ನಮ್ಮ ಕೆಲಸ."

ನಾನೂ ಎದ್ದು ಕೂಗಿದೆ, ಬೋಟು ನಿಲ್ಲಿಸಿ ಎಂದು. "ನಿಂಗೆ ಎಂತ ಆತು, ಸುಮ್ನೆ ಕೂತ್ಕ" ಎಂದು ಭಾವ ಫೋನಿನಿಂದ ಕಣ್ಣು ತೆಗೆಯದೆ ಹೇಳಿದರು. ಸಾಲಾಗಿ ಎತ್ತಿ ಹಿಡಿದ ಫೋನುಗಳು, ಅವುಗಳ ಹಿಂದೆ ನನ್ನದೇ ಬಂಧುಗಳ ಬಾಯಿ ತೆರೆದ ಮುಖಗಳು. ಮದುವೆ ಮುಂಜಿಗಳಲ್ಲಿ ನಾನು ಬಡಿಸಿದ್ದು ಇವರಿಗೇನಾ ಅನ್ನಿಸಿತು. ಅಷ್ಟು ಹೇಸಿಗೆ ನನಗೆ ಆ ಡೈಪರು ಕಂಡಾಗಲೂ ಆಗಿರಲಿಲ್ಲ.

ಆಗ ಚಾಚಾ ಮಾಡಿದ್ದನ್ನು ನೋಡಿದ್ದು ಬಹುಶಃ ನಾನೊಬ್ಬಳೇ. ಅವರು ಹಲಗೆಯ ಮೇಲೆ ಕೂತರು. ಕೂತು, ನೀರಿಗೆ ಬೆನ್ನು ಹಾಕಿ ತಿರುಗಿದರು. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಬೋಟಿನ ತಳದಲ್ಲಿ ಓಲಾಡುತ್ತಿದ್ದ ಎಣ್ಣೆನೀರನ್ನು ನೋಡುತ್ತ ಕೂತುಬಿಟ್ಟರು. ಹಿಂದೆ ಜನ "ಅಲ್ಲಿ ಅಲ್ಲಿ" ಎನ್ನುತ್ತಿದ್ದರು, ಇವರ ಬೆನ್ನಿಗೆ ನಾಲ್ಕು ಮಾರು ದೂರದಲ್ಲಿ ಮರಿ ಮತ್ತೆ ಎದ್ದಿತು. ಚಾಚಾ ತಿರುಗಲಿಲ್ಲ. ಮರಿ ಕೊನೆಗೆ ತಾಯಿಯ ಹತ್ತಿರ ಸೇರಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಗೈಡ್ ಟೈಮ್ ಆಯಿತೆಂದು ಬೋಟು ತಿರುಗಿಸಿದ.

ಘಟ್ಟ ಹತ್ತುವಾಗ ಗಾಡಿಯಲ್ಲಿ ವೀಡಿಯೋಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ಗಲಾಟೆ. ಓರಗಿತ್ತಿ ಕೇಳಿದಳು, "ಚಾಚಾ, ಇವತ್ತು ಕಥೆ ಇಲ್ವಾ?" ಎಂದು. "ಘಾಟ್ ಅದ, ಮುಂದ ನೋಡ್ಕೊಂಡು ಕೂಡ್ರಿ" ಎಂದರು. ಅರ್ಧ ದಾರಿಗೆ ಭಾವನಿಗೇ ವಾಂತಿಯಾಯಿತು, ಸೀಟಿನ ಮೇಲೆ. ಚಾಚಾ ಗಾಡಿ ನಿಲ್ಲಿಸಿದರು. ಪೊರಕೆ ತರಲಿಲ್ಲ, ಯಾರ ಕೈಗೂ ಏನೂ ಕೊಡಲಿಲ್ಲ. ತಾವೇ ನೀರು ಹಾಕಿ ತೊಳೆದರು. ಭಾವ ರಸ್ತೆ ಬದಿಯಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತು ಆ ಮೀನಿನ ನಾತದಿಂದಲೇ ಹೀಗಾದದ್ದು ಎನ್ನುತ್ತಿದ್ದರು.

ಮನೆಯ ಮುಂದೆ ಇಳಿಯುವಾಗ ನಾನು ಕೇಳಿದೆ, ಸ್ವಲ್ಪವಾದರೂ ನೋಡಿದಿರಾ ಎಂದು.

"ಇಲ್ರಿ ಅಕ್ಕೋರೆ. ಅವರ ಜೋಡಿ ಕೂಡಿ ನೋಡೋ ಮನಸು ಬರಲಿಲ್ಲ."

ಅದಾದ ಮೇಲೆ ಅವರು ಸಮುದ್ರದ ಟ್ರಿಪ್ ಒಪ್ಪಿಕೊಳ್ಳಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ, ಕಿರವತ್ತಿಯ ಮದುವೆಗಳಿಗೆ, ಅಷ್ಟೇ ಓಡಿಸಿದರು. ಮತ್ತೊಮ್ಮೆ ಹೋಗೋಣ, ನಾನು, ನೀವು, ಮನೆಯಿಂದ ಚಾಚಿ, ಮೂವರೇ, ಒಳ್ಳೆಯ ಬೋಟಿನವರನ್ನು ಹುಡುಕೋಣ ಎಂದು ನಾನು ಎಷ್ಟು ಸಲ ಹೇಳಿದರೂ, ನೋಡೋಣ ಎನ್ನುತ್ತಿದ್ದರು. ಆಮೇಲೆ ಎದೆನೋವು ಬಂತು... ಒಂದು ಮಳೆಗಾಲದ ಬೆಳಿಗ್ಗೆ ಹೋಗಿಬಿಟ್ಟರು.

ಮಾತಾಡಿಸಿ ಬರಲು ಹೋದಾಗ ಚಾಚಿ ನನ್ನ ಕೈ ಹಿಡಿದುಕೊಂಡು ಅತ್ತರು. ಅತ್ತು ಸಮಾಧಾನವಾದ ಮೇಲೆ ಆ ಟ್ರಿಪ್ಪಿನ ಮಾತು ತೆಗೆದರು. ಅಂದು ರಾತ್ರಿ ಊಟಕ್ಕೆ ಕೂತು ಚಾಚಾ ಅವರಿಗೆ ಎಲ್ಲ ಹೇಳಿದ್ದರಂತೆ. ಬೋಟಿನವ ಎಂಜಿನ್ ಬಂದ್ ಮಾಡಿದನಂತೆ. ಬೋಟಿನ ತುಂಬ ಜನ ಇದ್ದರೂ ಒಬ್ಬರೂ ಪಿಟ್ಟೆನ್ನಲಿಲ್ಲವಂತೆ. ಮೊದಲು ಉಸಿರು ಕೇಳಿತಂತೆ. ಆಮೇಲೆ ತಾಯಿ, ಮರಿ, ಎರಡೂ ತಾವಾಗಿಯೇ ಹತ್ತಿರ ಬಂದು ಇವರನ್ನು ನೋಡಿಕೊಂಡು ಹೋದವಂತೆ. "ನೀವೂ ಇದ್ರಲ್ಲ ಅಕ್ಕೋರೆ" ಎಂದರು ಚಾಚಿ. ಇದ್ದೆ ಎಂದೆ.

ಆಮೇಲೆ ಪ್ರತಿ ವರ್ಷ ಚಾಚಿ ಕೇಳುತ್ತಲೇ ಬಂದರು, ಅವರು ನೋಡಿದ್ದನ್ನು ತಾವೂ ಒಮ್ಮೆ ನೋಡಬೇಕು, ಕರೆದುಕೊಂಡು ಹೋಗುತ್ತೀರಾ ಎಂದು. ನಾನು ಒಂದು ವರ್ಷ ಗಾಳಿ ಜಾಸ್ತಿ ಎಂದೆ, ಒಂದು ವರ್ಷ ಈಗ ಸೀಸನ್ ಅಲ್ಲ ಎಂದೆ. ಮೊನ್ನೆ ಹೋದಾಗ ಅವರಾಗಿಯೇ ಆ ಮಾತು ಮುಗಿಸಿಬಿಟ್ಟರು. "ಬಿಡ್ರಿ ಅಕ್ಕೋರೆ, ಮೊಣಕಾಲು ಕೇಳೂದಿಲ್ಲ ಇನ್ನ. ಅವರು ನೋಡ್ಯಾರಲ್ಲ, ಅಷ್ಟು ಸಾಕು ನಂಗ."

"ಹೌದು ಚಾಚಿ" ಎಂದೆ. "ಕಣ್ತುಂಬ ನೋಡಿದ್ರು."