ಕಾಸ್ಟಿಕ್ ನೀರು ನುಗ್ಗಿಸದ ದಿನ

ಅವಳನ್ನು ಎಲ್ಲರೂ ಗುಳ್ಳೆಯಕ್ಕ ಅಂತಲೇ ಕರೆಯುತ್ತಿದ್ದರು. ತರಕಾರಿಯಲ್ಲಿ, ಕುಡಿಯುವ ನೀರಿನಲ್ಲಿ ವಿಷ ಎಷ್ಟಿದೆ ಅಂತ ನೋಡುವ ಲ್ಯಾಬಿನಲ್ಲಿ ಗಾಜು ತೊಳೆಯುವ ಕೆಲಸ. ಅಲ್ಲಿ ಬಿಸ್ಕತ್ತಿನಷ್ಟು ಅಗಲದ ಗಾಜಿನ ಬಿಲ್ಲೆಯೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ ಕೊರೆದಿರುತ್ತಾರೆ. ಪಂಪಿಲ್ಲ, ಇಳಿಜಾರಿಲ್ಲ. ಎರಡೂ ತುದಿಗೆ ತಂತಿ ಇಳಿಸಿ ಕರೆಂಟು ಕೊಟ್ಟರೆ ನೀರು ತಾನೇ ಹೊರಡುತ್ತದೆ. ಗಾಜಿನ ಗೋಡೆ ಪಕ್ಕದ ನೀರು ಮೊದಲು ಹೆಜ್ಜೆ ಎತ್ತುತ್ತದೆ, ಮಿಕ್ಕಿದ್ದು ಅದರ ಸೆರಗು ಹಿಡಿದು ಹಿಂದೆ ಹೋಗುತ್ತದೆ. ನಡುವೆ ಒಂದು ಗಾಳಿಗುಳ್ಳೆ ಕೂತರೆ ಕರೆಂಟೂ ನಿಂತಿತು, ನೀರೂ ನಿಂತಿತು. ನೋಡದೆ ಹಾಗೇ ಬಿಟ್ಟರೆ ಗುಳ್ಳೆಯ ಹತ್ತಿರ ಕಿಡಿ ಹಾರಿ ಬಿಲ್ಲೆಯೇ ಸುಟ್ಟುಹೋಗುತ್ತದೆ. ಆ ಗುಳ್ಳೆಯನ್ನು ಬರಿಗಣ್ಣಲ್ಲಿ ಹಿಡಿಯುತ್ತಿದ್ದವಳು ಇವಳೊಬ್ಬಳೇ. "ಇಲ್ಲಿ ಕೂತಿದಾನೆ ನೋಡಿ ಮೇಡಂ, ಕಳ್ಳ" ಅನ್ನುತ್ತಿದ್ದಳು. ಮೂರನೇ ಕ್ಲಾಸು ದಾಟದವಳ ಮಾತು ಕೇಳಿ, ದೊಡ್ಡ ಓದು ಓದಿದ ಮೇಡಂ ತಂತಿ ತೆಗೆಯುತ್ತಿದ್ದರು.

ಯಾರೂ ಅವಳ ಮೇಲೆ ಕೈ ಎತ್ತದ ಜಾಗ ಅಂತ ಇದ್ದದ್ದು ಅದೊಂದೇ.

ಮನೆಯ ಕತೆ ಬೇರೆ. ಅವಳ ಗಂಡ, ಮೈದುನ ಇಬ್ಬರೂ ಮರದ ಮಿಲ್ಲಿನಲ್ಲಿ ದಿಮ್ಮಿ ಎತ್ತುವವರು. ದಿಮ್ಮಿಗೂ ಹೆಂಡತಿಗೂ ಅವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ಕೂತು, "ತಡೀರೋ, ನನ್ನ ಊಟ ಆಗ್ಲಿ, ಆಮೇಲೆ ಹೊಡ್ಕೊಳ್ಳಿ" ಅನ್ನುತ್ತಿತ್ತು.

ಆ ದಿನ ಬೆಳಿಗ್ಗೆ ಮೈದುನ ತನ್ನ ಹೆಂಡತಿಯ ಜಡೆ ಹಿಡಿದು ಗೋಡೆಗೆ ಬಡಿದ. ಗೋಡೆಯ ಸುಣ್ಣಕ್ಕೆ ರಕ್ತ ಹತ್ತಿತು. ಓರಗಿತ್ತಿ ಹುಚ್ಚು ಹಿಡಿದವಳಂತೆ, "ನಿಮ್ಮನ್ನೆಲ್ಲ ಸಾಯಿಸಿಯೇ ನಾನು ಸಾಯೋದು!" ಅಂತ ಕಿರುಚಿದಳು. ಗುಳ್ಳೆಯಕ್ಕ ಅವಳನ್ನು ಎಳೆದುಕೊಂಡು ತನ್ನ ಕೋಣೆಗೆ ನೂಕಿ, ಬಾಗಿಲಿಗೆ ಅಡ್ಡ ನಿಂತಳು.

"ಅತ್ತಿಗೆ, ಪಕ್ಕಕ್ಕೆ ಸರೀರಿ" ಅಂದ ಮೈದುನ.

"ಸರಿಯೋದಿಲ್ಲ ಕಣೋ."

ಸರಿಸಿದವನು ಅವಳ ಗಂಡ. ಬಲಗೈ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿದ. ಮಣಿಕಟ್ಟಿನೊಳಗೆ ಏನೋ ಲಟಕ್ ಅಂತು. ಸೆರಗಿನಲ್ಲಿ ಕೈ ಸುತ್ತಿಕೊಂಡೇ ಅವಳು ಲ್ಯಾಬಿಗೆ ಹೋದಳು.

ಮೊದಲು ಬಂದದ್ದು ಗದ್ದೆ ಪಕ್ಕದ ಹಳ್ಳದ ನೀರು. ಕಳೆ ಸಾಯಿಸುವ ಔಷಧಿ ಅದರಲ್ಲಿ ತುಂಬಿತ್ತು, ವಿಷದ ಲೆಕ್ಕ ತೋರಿಸುವ ಪರದೆಯ ಮೇಲಿನ ಗೆರೆ ಒಂಟೆಯ ಬೆನ್ನಿನ ಹಾಗೆ ಎದ್ದಿತು. ಒಂದೊಂದು ವಿಷಕ್ಕೂ ಗೆರೆ ಏಳುವ ಜಾಗ ಬೇರೆ ಬೇರೆ. ಆ ಔಷಧಿಗೆ ಕೆಟ್ಟ ಗುಣವಿದೆ, ಗಾಜಿನ ಗೋಡೆಯನ್ನು ತಬ್ಬಿಕೊಂಡುಬಿಡುತ್ತದೆ. ಚರ್ಮ ಸುಡುವ ಕಾಸ್ಟಿಕ್ ಸೋಡಾದ ನೀರು ನುಗ್ಗಿಸಿದರೇ ಬಿಡುವುದು. ಸಿರಿಂಜಿಗೆ ತುಂಬಿ ಹೆಬ್ಬೆರಳಲ್ಲಿ ಜೋರಾಗಿ ಒತ್ತಬೇಕು. ಕೂದಲೆಳೆ ಕಾಲುವೆಯೊಳಗೆ ಅದು ಸುಲಭಕ್ಕೆ ಇಳಿಯುವುದಿಲ್ಲ.

ಒತ್ತಿದಳು. ಕಣ್ಣಿಗೆ ಕತ್ತಲೆ ಬಂತು. ಇನ್ನೊಮ್ಮೆ ಒತ್ತಿದಳು. ಬೆರಳಿಗೆ ಜೀವವೇ ಇರಲಿಲ್ಲ. ಕೊನೆಗೆ ಎಡಗೈಯಿಂದ ಬರೀ ನೀರು ನಾಲ್ಕು ಹನಿ ಹಾಯಿಸಿ, ಗೋಡೆಯ ಹಲಗೆಯ ಮೇಲೆ 'ತೊಳೆದದ್ದು' ಅನ್ನುವ ಕಡೆ ರೈಟ್ ಗುರುತು ಹಾಕಿದಳು. ಹನ್ನೊಂದು ವರ್ಷದಲ್ಲಿ ಹಾಕಿದ ಒಂದೇ ಒಂದು ಸುಳ್ಳು ಗುರುತು.

ಮಧ್ಯಾಹ್ನ ಅಣ್ಣತಮ್ಮಂದಿರು ಬಾಗಿಲು ಒದ್ದುಕೊಂಡೇ ಲ್ಯಾಬಿನೊಳಗೆ ಬಂದರು. ಮೈದುನನ ಕೈಯಲ್ಲಿ ಅರ್ಧ ಲೋಟ ಹಾಲು.

"ಅಮ್ಮ ಹೋಗ್ಬಿಟ್ಲು. ನನ್ನ ಹೆಂಡ್ತಿ ಕೊಟ್ಟ ಹಾಲು ಕುಡಿದು, ಎದೆ ಹಿಡ್ಕೊಂಡು ಮೆಟ್ಟಿಲಿಂದ ಉರುಳಿದ್ಲು. ಬೆಳಿಗ್ಗೆ ಹೇಳಿದ್ಲಲ್ಲ, ಸಾಯಿಸ್ತೀನಿ ಅಂತ! ನೋಡಿ ಮೇಡಂ, ಇದರಲ್ಲಿ ಏನಿದೆ ನೋಡಿ!"

ಮೇಡಂ ಪೊಲೀಸರ ಮಾತೆತ್ತಿದರು. ಗಂಡ ಮೇಜು ಗುದ್ದಿದ ಏಟಿಗೆ ಸೀಸೆಗಳು ಉರುಳಿದವು. ಹೆದರಿದ ಮೇಡಂ ಹಾಲನ್ನು ಸೋಸಿ ತಿಳಿಮಾಡಿ, ಅದೇ ಬಿಲ್ಲೆಗೆ ಒಂದು ಹನಿ ಬಿಟ್ಟರು. ನಾಲ್ಕು ನಿಮಿಷ. ಗೆರೆ ಮತ್ತೆ ಎದ್ದಿತು, ಕಳೆ ಔಷಧಿಯ ಜಾಗದಲ್ಲೇ.

"ವಿಷ" ಅಂದಿತು ಮೇಡಂ ಬಾಯಿ.

ಮೈದುನ ನಿಲ್ಲಲಿಲ್ಲ. ಸೊಂಟದ ಬೆಲ್ಟು ಬಿಚ್ಚುತ್ತಲೇ ಮನೆ ಕಡೆ ಓಡಿದ. ಗಂಡ ಮಾತ್ರ, "ಬರೆದು ಮೊಹರು ಹಾಕಿ ಕೊಡಿ" ಅಂತ ಕೂತ.

ಗುಳ್ಳೆಯಕ್ಕನ ಕಣ್ಣು ಹಲಗೆಯ ಮೇಲೆ ಬಿತ್ತು. ತಾನೇ ಹಾಕಿದ ಗುರುತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಏಟು ಬೀಳದ ಆ ಒಂದು ಜಾಗವೂ ಹೋಗುತ್ತದೆ. ಬಿಡದಿದ್ದರೆ ಎರಡು ಬೀದಿ ಆಚೆ ಒಬ್ಬಳ ಪ್ರಾಣ ಹೋಗುತ್ತದೆ.

"ಮೇಡಂ, ಹಾಲು ಬೇಡ. ಆ ಬಿಲ್ಲೆಗೆ ಬರೀ ನೀರು ಬಿಡಿ."

"ಏನು ಹುಡುಗಾಟ ಇದು?"

"ನಿಮ್ಮ ಕಾಲಿಗೆ ಬೀಳ್ತೀನಿ, ಬಿಡಿ."

ಬಿಟ್ಟರು. ಆ ನಾಲ್ಕು ನಿಮಿಷ ಅವಳು ಬೀದಿ ಕಡೆಗೇ ಕಿವಿಯಿಟ್ಟು ನಿಂತಿದ್ದಳು. ಬರೀ ನೀರಿಗೂ ಗೆರೆ ಎದ್ದಿತು, ಮೊದಲಿಗಿಂತ ಗಿಡ್ಡ, ಆದರೆ ಅದೇ ಜಾಗ.

"ನಾನು ಕಾಸ್ಟಿಕ್ ಹಾಕಿಲ್ಲ ಮೇಡಂ. ಸುಳ್ಳು ಗುರುತು ಹಾಕಿದೆ. ಇದು ಹಳ್ಳದ ನೀರಿನ ವಿಷ, ಹಾಲಿನದಲ್ಲ." ಸೆರಗು ಬಿಚ್ಚಿ, ಬದನೆಕಾಯಿ ಬಣ್ಣಕ್ಕೆ ಊದಿದ ಕೈ ಮುಂದೆ ಚಾಚಿದಳು. "ಈ ಕೈಯಲ್ಲಿ ಒತ್ತಕ್ಕಾಗ್ಲಿಲ್ಲ. ಮುರಿದವರು ಇಲ್ಲೇ ಕೂತಿದಾರೆ, ಕೇಳಿ."

"ಲೇ! ಸತ್ತವಳು ನನ್ನಮ್ಮ!" ಗಂಡ ಎದ್ದು ಅವಳ ಕೆನ್ನೆಗೆ ಬಾರಿಸಿದ. ತುಟಿ ಹರಿಯಿತು. "ನಿನ್ನ ಗಾಜನ್ನೇ ಪುಡಿ ಮಾಡ್ತೀನಿ" ಅಂತ ಬಿಲ್ಲೆಯ ಮೇಲೆ ಕೈ ಹಾಕಿದ. ತಂತಿಯಲ್ಲಿ ಮೂರು ಸಾವಿರ ವೋಲ್ಟು ಇನ್ನೂ ಇತ್ತು. ಕೊಲ್ಲುವಷ್ಟು ಬಲದ ಕರೆಂಟಲ್ಲ, ಆದರೆ ಭುಜದ ತನಕ ಚಾಟಿ ಬೀಸಿದ ಹಾಗೆ ಹೊಡೆಯುತ್ತದೆ. ದಿಮ್ಮಿ ಎತ್ತುವ ಗಂಡಸು ಕುರ್ಚಿ ಉರುಳಿಸಿಕೊಂಡು ಹಿಂದಕ್ಕೆ ಬಿದ್ದು, ಹಲ್ಲು ಕಟಕಟ ಅನ್ನಿಸುತ್ತಾ ಕೂತುಬಿಟ್ಟ.

ಅವಳು ಕಪಾಟಿನಿಂದ ಗಾಢ ಕಾಸ್ಟಿಕ್ ನೀರಿನ ಬಾಟಲಿ ಎಳೆದುಕೊಂಡು ಓಡಿದಳು. ಮೇಡಂ ಪೊಲೀಸರಿಗೆ ಫೋನು ಮಾಡುತ್ತಲೇ ಹಿಂದೆ ಓಡಿದರು.

ಮನೆಯಲ್ಲಿ ಮೈದುನ ಓರಗಿತ್ತಿಯನ್ನು ಮೆಟ್ಟಿಲ ಕಂಬಿಗೆ ಬಿಗಿದಿದ್ದ. ಬೆಲ್ಟಿನ ಬಕಲ್ಲು ಕಡೆಯಿಂದ ಹೊಡೆಯುತ್ತಿದ್ದ. ಒಂದು ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಪಕ್ಕದಲ್ಲೇ ಚಾಪೆಯ ಮೇಲೆ ಅತ್ತೆಯ ಹೆಣ. ಬಾಗಿಲಲ್ಲಿ ನೆರೆಯವರು ಇಪ್ಪತ್ತು ಜನ, ಒಬ್ಬರ ಕೈಯೂ ಮೇಲೆದ್ದಿರಲಿಲ್ಲ.

"ನಿಲ್ಲಿಸೋ! ಹಾಲಲ್ಲಿ ವಿಷ ಇಲ್ಲ. ತಪ್ಪು ನನ್ನದು!"

"ಹಾಗಾದ್ರೆ ನಿಮಗೂ ಇದೆ ಬನ್ನಿ ಅತ್ತಿಗೆ" ಅಂದು ಅವನು ಬೆಲ್ಟು ತಿರುಗಿಸಿದ. ಬಕಲ್ಲು ಅವಳ ಹಣೆ ಸೀಳಿತು.

ಎಡಗೈಯಲ್ಲಿ ಹಿಡಿದ ಬಾಟಲಿಯ ಮುಚ್ಚಳವನ್ನು ಅವಳು ಹಲ್ಲಿನಿಂದ ತಿರುಗಿಸಿದಳು, ನಾಲಿಗೆ ಚುರ್ ಅಂತು. ಉಗಿದಳು. ಬೆಲ್ಟು ಎರಡನೇ ಸಲ ಮೇಲೆದ್ದಾಗ ಆ ಕೈಗೇ ಎರಚಿದಳು. ಅವನು ಚೀರಿದ ಸದ್ದು ಮೂರು ಬೀದಿಗೆ ಕೇಳಿತಂತೆ. ಬೆಲ್ಟು ಬಿತ್ತು. ಅವನು ನೀರಿನ ತೊಟ್ಟಿಗೆ ಓಡಿ ಮೊಣಕೈ ತನಕ ಅದ್ದಿಕೊಂಡ. ಪೊಲೀಸರು ಬಂದಾಗಲೂ ಅಲ್ಲೇ ಬಗ್ಗಿ ನಿಂತು ಅಳುತ್ತಿದ್ದ. ಕಂಬಿಯ ಗಂಟು ಬಿಚ್ಚಲು ಮಾತ್ರ ಅವಳಿಗೆ ಆಗಲಿಲ್ಲ. ಮೇಡಮ್ಮೇ ಬಿಚ್ಚಿದರು.

ಅತ್ತೆಯ ಹೃದಯ ನಿಂತುಹೋಗಿತ್ತು, ಬೇರೇನಿಲ್ಲ ಅಂದರು ಆಸ್ಪತ್ರೆಯವರು. ಅಣ್ಣತಮ್ಮಂದಿರು ಜೈಲಿನೊಳಗೆ ಹೋದರು. ಲ್ಯಾಬಿನ ದೊಡ್ಡ ಸಾಹೇಬರು ಸುಳ್ಳು ಗುರುತಿಗಾಗಿ ಅವಳನ್ನು ಕೆಲಸದಿಂದ ತೆಗೆದರು.

ಆರು ತಿಂಗಳಲ್ಲಿ ಗುಳ್ಳೆ ಕಾಣದೆ ಎಂಟು ಬಿಲ್ಲೆ ಸುಟ್ಟುಹೋದವು. ಕೊನೆಗೆ ಮೇಡಮ್ಮೇ ಮನೆಗೆ ಬಂದು ಕರೆದರು. ಸೊಟ್ಟಗೆ ಕೂಡಿಕೊಂಡ ಮಣಿಕಟ್ಟು ತೋರಿಸಿ ಅವಳು ಹೇಳಿದಳು, "ನೋಡೋಕೆ ನಾನು ಬರ್ತೀನಿ. ಒತ್ತೋಕೆ ನನ್ನ ತಂಗೀನೂ ಬರ್ತಾಳೆ."

ಹಾಗೆ ಓರಗಿತ್ತಿಯರಿಬ್ಬರೂ ಆ ಮೇಜಿಗೆ ಬಂದು ಕೂತರು.

"ಒತ್ತೇ."

"ಯಾವ ಕಿವಿಗೆ ಹೇಳಿದ್ರಿ ಅಕ್ಕ?"

"ಕೇಳೋ ಕಿವಿಗೆ ಕಣೇ, ಒತ್ತು."

ಅವಳು ಒತ್ತುತ್ತಾಳೆ. ಕಾಲುವೆಯ ಆಚೆ ತುದಿಯಲ್ಲಿ ಕಾಸ್ಟಿಕ್ಕಿನ ಹನಿ ಮೂಡುವ ತನಕ ಇವಳು ರೆಪ್ಪೆ ಹೊಡೆಯುವುದಿಲ್ಲ. ಮೂಡಿದ ಮೇಲೇ ಎದ್ದುಹೋಗಿ ಹಲಗೆಯ ಮೇಲೆ ಗುರುತು ಹಾಕುತ್ತಾಳೆ.